ಸೋಫಿಗೆ ಬಂದ ಪತ್ರಗಳು

ತತ್ವಶಾಸ್ತ್ರವೆಂದರೆ ನಿವೃತ್ತರಾದ ಮೇಲೆ ಓದುವ ವಿಷಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಾರ್ವೆಯ ಯೂಸ್ಟೈನ್ ಗಾರ್ಡರ್ ಇದನ್ನು ಒಪ್ಪಲಿಲ್ಲ. ಬರ್ಗೆನ್ ನಗರದಲ್ಲಿ ಹದಿಹರೆಯದವರಿಗೆ ತತ್ವಶಾಸ್ತ್ರ ಕಲಿಸುತ್ತಿದ್ದ ಈ ಮೇಷ್ಟರು 1991ರಲ್ಲಿ ಒಂದು ಕಾದಂಬರಿ ಬರೆದರು. 1994ರಲ್ಲಿ ಇಂಗ್ಲಿಷಿಗೆ ಬಂದ ಅದರ ಹೆಸರು ‘ಸೋಫೀಸ್ ವರ್ಲ್ಡ್’. ಹದಿನೈದು ತುಂಬಲಿರುವ ಸೋಫಿ ಶಾಲೆಯಿಂದ ಬಂದು ಅಂಚೆಪೆಟ್ಟಿಗೆ ತೆರೆದರೆ ಒಂದು ಚೀಟಿ. ಅವಳು ಯಾರೆಂಬ ಪ್ರಶ್ನೆಯ ಹೊರತು ಅದರಲ್ಲಿ ಬೇರೇನೂ ಇಲ್ಲ, ಕಳಿಸಿದವರ ಹೆಸರೂ ಇಲ್ಲ. ಜಗತ್ತು ಎಲ್ಲಿಂದ ಬಂತೆಂದು ಕೇಳುವ ಮತ್ತೊಂದು ಹಿಂದೆಯೇ ಬರುತ್ತದೆ. ಕಳಿಸಿದವರು ಯಾರೆಂಬ ಕುತೂಹಲದ ಬೆನ್ನು ಹತ್ತಿ ಓದುಗ ಎರಡೂವರೆ ಸಾವಿರ ವರ್ಷ ಹಿಂದಿನ ಗ್ರೀಸಿಗೆ ಹೋಗುತ್ತಾನೆ.

ಅಲ್ಲಿ ಮೊದಲಿಗರಲ್ಲಿ ಒಬ್ಬ ಥೇಲೀಸ್, ಸಕಲಕ್ಕೂ ನೀರೇ ಮೂಲ ಎಂದವನು. ಬಾಯಿಪಾಠ ಮಾಡಿದರೆ ಇದು ಒಂದು ಅಂಕದ ಉತ್ತರ. ಆದರೆ ಮಳೆಗಾಗಿ ಮುಗಿಲು ನೋಡುವ ಜಗಳೂರು ಸೀಮೆಯ ಹುಡುಗಿಯ ಮುಂದೆ ಇದನ್ನಿಟ್ಟು ನೋಡಿ. ಹದ ಮಳೆ ಬಿದ್ದ ಮೇಲೆ ಬರಡು ಹೊಲ ಹಸಿರಾಗುವುದನ್ನು ಕಂಡವಳಿಗೆ ಥೇಲೀಸ್ ಹುಚ್ಚನಂತೆ ಕಾಣಲಾರ. ಹಾಗಾದರೆ ಕಲ್ಲು ಎಲ್ಲಿಂದ ಬಂತು ಎಂದು ಅವಳು ಕೇಳಿದಳೋ, ಅನಾಕ್ಸಿಮೆನಿಸನ ಪಕ್ಕ ಬಂದು ಕುಳಿತಂತೆ. ಗಾಳಿಯೇ ಮೂಲ, ಅದು ಒತ್ತೊತ್ತಾಗುತ್ತ ನೀರು, ಮಣ್ಣು, ಕಲ್ಲು ಆಗುತ್ತದೆ ಎಂದು ಅವನು ತರ್ಕಿಸಿದ. ಎಂಪಿಡೊಕ್ಲೀಸನ ಮಣ್ಣು, ನೀರು, ಗಾಳಿ, ಬೆಂಕಿ ನಮ್ಮ ಪಂಚಭೂತಗಳ ನೆಂಟರು. ಡೆಮಾಕ್ರಿಟಸನ ಅಣುಗಳು ಕಣಾದನನ್ನು ನೆನಪಿಸುತ್ತವೆ. ಗಾರ್ಡರ್ ಈ ಅಣುಗಳನ್ನು ಮಕ್ಕಳು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸುವ ಲೆಗೊ ಆಟಿಕೆಯಿಂದ ವಿವರಿಸುತ್ತಾರೆ. ಉತ್ತರಗಳು ಒಂದೊಂದಾಗಿ ಬಿದ್ದುಹೋದರೂ ಪ್ರಶ್ನೆ ನಿಂತೇ ಇದೆ ಎಂಬುದು ಪಠ್ಯಪುಸ್ತಕದಲ್ಲಿ ಕಾಣುವುದಿಲ್ಲ, ಕಥೆಯಲ್ಲಿ ಕಾಣುತ್ತದೆ.

ಕಥೆಯೆಂದರೆ ಕಹಿ ಗುಳಿಗೆಗೆ ಬೆಲ್ಲ ಸವರಿದಂತೆ ಎನ್ನುವವರಿದ್ದಾರೆ. ಸಾಕ್ರೆಟೀಸ್ ಒಂದು ಅಕ್ಷರವನ್ನೂ ಬರೆದಿಟ್ಟವನಲ್ಲ. ಬೀದಿಯಲ್ಲಿ, ಸಂತೆಯಲ್ಲಿ ನಿಂತು ಮಾತಾಡಿದವನು. ಶಿಷ್ಯ ಪ್ಲೇಟೊ ಅವನನ್ನು ಚಿತ್ರಿಸಿದ್ದೂ ನಾಟಕದಂಥ ಸಂವಾದಗಳಲ್ಲೇ. ಅವುಗಳ ರುಚಿ ಕನ್ನಡಿಗರಿಗೆ ಹೊಸದಲ್ಲ, ಎ.ಎನ್. ಮೂರ್ತಿರಾಯರು ‘ಸಾಕ್ರೆಟೀಸನ ಕೊನೆಯ ದಿನಗಳು’ ಕೊಟ್ಟಿದ್ದಾರೆ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸ್ ಅವನಿಗೆ ವಿಷ ಕುಡಿಸಿತು. ನಗರದ ದೇವರನ್ನು ಮನ್ನಿಸಲಿಲ್ಲ ಎಂಬುದರ ಜೊತೆಗೆ ಇದ್ದ ಆರೋಪ, ತರುಣರನ್ನು ಕೆಡಿಸಿದನೆಂಬುದು. ಹದಿಹರೆಯದವರಿಗೆ ಪ್ರಶ್ನೆ ಕಲಿಸುವುದು ಅಂದೇ ಪ್ರಾಣಕ್ಕೆ ಎರವಾಗಬಲ್ಲ ಕೆಲಸವಾಗಿತ್ತು.

ನಮ್ಮಲ್ಲೂ ಈ ದಾರಿ ಇತ್ತು. ಬಿಡಿ ಬಿಡಿಯಾಗಿದ್ದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ‘ಶೂನ್ಯಸಂಪಾದನೆ’ ಅಲ್ಲಮನ ಸುತ್ತಲಿನ ಸಂವಾದವಾಗಿ ಹೆಣೆಯಿತು. ಅಲ್ಲಿ ಅಕ್ಕಮಹಾದೇವಿ ಅಲ್ಲಮನ ಕಠೋರ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸುತ್ತಾಳೆ. ಸೋಫಿಯಾದರೋ ಬಹಳ ಸಲ ತಲೆಯಾಡಿಸಿ ಸುಮ್ಮನಾಗುತ್ತಾಳೆ. ಪಾಠ ಉದ್ದವಾದಲ್ಲಿ ಕಥೆ ಸೊರಗುವುದೂ ಉಂಟು. ಭಾರತೀಯ ದರ್ಶನಗಳಿಗೆ ಆ ಪುಸ್ತಕದಲ್ಲಿ ಸಿಕ್ಕಿರುವ ಜಾಗ ತೀರ ಕಡಿಮೆ.

ಇಂಥದೊಂದನ್ನು ನಮ್ಮ ನೆಲದಲ್ಲೇ ನಡೆಯುವಂತೆ ಕನ್ನಡದಲ್ಲಿ ಬರೆಯುವವರು ಮೊದಲ ಅಧ್ಯಾಯವನ್ನೇ ಬದಲಿಸಬೇಕಾದೀತು. ನಮ್ಮ ಹಳ್ಳಿಯಲ್ಲಿ ಕಾಗದ ಬರುವುದು ಅಂಚೆಯಣ್ಣನ ಕೈಯಲ್ಲಿ, ಅದೂ ಮನೆಮಂದಿಯ ಎದುರಿಗೆ. ಸೋಫಿಯ ತಾಯಿಗೇ ಇವು ಪ್ರೇಮಪತ್ರಗಳೆಂಬ ಗುಮಾನಿ ಬಂದಿತ್ತು. ಇಲ್ಲಿಯಾದರೆ, ನೀನು ಯಾರು ಎಂದು ಹುಡುಗಿ ಯೋಚಿಸುವ ಮೊದಲೇ, ಬರೆದವನು ಯಾರು ಎಂದು ಅಪ್ಪ ಕೇಳಿರುತ್ತಾನೆ.