ಊರು ಬಿಟ್ಟ ಕಲ್ಲುಗಳು

ಧರ್ಮಪುರಿಯ ವಸ್ತುಸಂಗ್ರಹಾಲಯದಲ್ಲಿ ಸುತ್ತಲ ಹಳ್ಳಿಗಳಿಂದ ತಂದಿರಿಸಿದ ವೀರಗಲ್ಲುಗಳಿವೆ. ತುರು ಕಾಯಲು ಹೋರಾಡಿ ಮಡಿದವರ ನೆನಪಿಗೆ ನೆಟ್ಟಂಥವು. ಒಂಬತ್ತನೆಯ ಶತಮಾನದಲ್ಲಿ, ತಗಡೂರು ಎನಿಸಿಕೊಂಡಿದ್ದ ಈ ಊರು ನೊಳಂಬ ಅರಸರ ಕೈಯಲ್ಲಿತ್ತು. ಅವರ ಕನ್ನಡ ಶಾಸನ ಇಲ್ಲೂ ಸಿಕ್ಕಿದೆ. ಜಾಗದ ದುಃಖವನ್ನು ಕಲೆಯಾಗಿಸಿದ ನಮ್ಮ ಪರಂಪರೆಯನ್ನು ಹುಡುಕುವವರು ಈ ಕಲ್ಲುಗಳಿಂದಲೇ ಶುರುಮಾಡಬೇಕು. ನೆಟ್ಟ ನೆಲದಿಂದ ಕಿತ್ತು ಸಾಲಾಗಿ ನಿಲ್ಲಿಸಿದ ಮೇಲೆ ಅವುಗಳ ಅರ್ಧ ಮಾತು ಹಳ್ಳಿಯಲ್ಲೇ ಉಳಿದುಬಿಟ್ಟಿದೆ ಎನ್ನುವುದು ಬೇರೆ ವಿಷಯ.

ಆಧುನಿಕ ಕಾಲದಲ್ಲಿ ಈ ಭಾವ ಮೊದಲು ಕಾಗದಕ್ಕಿಳಿಯಿತು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕೆ. ವೆಂಕಟಪ್ಪ ಊಟಿಯನ್ನು ಜಲವರ್ಣದಲ್ಲಿ ಬರೆದರು. ಮಂಜು, ಬೆಳದಿಂಗಳು, ಮರ. ಮನುಷ್ಯರ ಸುಳಿವು ಕಡಿಮೆ. ಅಲ್ಲಿನ ವಿಷಾದಕ್ಕೆ ಕಾರಣ ಕೇಳುವಂತಿಲ್ಲ, ಅದು ಹವೆಯಲ್ಲೇ ಇದೆ. ನಂತರದ ದಶಕಗಳ ಭೂದೃಶ್ಯಗಳಲ್ಲಿ ಚೆಲುವಿಗೆ ಬರವಿಲ್ಲ. ನನಗಂತೂ ಅವುಗಳಲ್ಲಿ ಬಹುಪಾಲು ಗೋಡೆಯ ಅಲಂಕಾರವಾಗಿಯೇ ಕಾಣುತ್ತವೆ.

ತಿರುವು ಬಂದದ್ದು 1990ರ ದಶಕದಲ್ಲಿ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬಣ್ಣ ಬದಿಗಿಟ್ಟು ಸಗಣಿ, ಕುಂಕುಮ, ದಾರಗಳನ್ನು ಕೈಗೆತ್ತಿಕೊಂಡರು. ಜಾಗವನ್ನು ಚಿತ್ರಿಸುವ ಬದಲು ಜಾಗದ ವಸ್ತುವನ್ನೇ ತಂದಿಡುವ ಈ ದಾರಿ 2012ರ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿ ದೊಡ್ಡದಾಗಿ ತೆರೆದುಕೊಂಡಿತು. ಕಲಾವಿದ ಕ್ರಿಸ್ಟೋಫ್ ಸ್ಟೋರ್ಟ್ಸ್ ಜೊತೆ ಅವರು ಮಾಡಿದ ‘ಸ್ಟಾಪ್‌ಓವರ್’ನಲ್ಲಿದ್ದದ್ದು ಬೆಂಗಳೂರಿನ ಬೀದಿಬದಿಯಿಂದ ಆಯ್ದ ಸುಮಾರು 170 ಒರಳುಕಲ್ಲುಗಳು. ಮಿಕ್ಸಿ, ಗ್ರೈಂಡರ್ ಬಂದವು, ಹಳೆಯ ಮನೆಗಳು ಉರುಳಿದವು. ಅಡುಗೆಮನೆಯ ನೆಲದಲ್ಲಿ ಹೂತಿದ್ದ ಕಲ್ಲುಗಳು ಬೀದಿಪಾಲಾದವು. ಸಂಬಾರ ಪದಾರ್ಥಗಳ ವ್ಯಾಪಾರ ನಡೆದಿದ್ದ ಕಡಲಂಚಿನ ಆಸ್ಪಿನ್‌ವಾಲ್ ಹೌಸ್‌ನಲ್ಲಿ ಅವೇ ಹರಡಿಕೊಂಡು ಬಿದ್ದಿದ್ದವು. ಈ ಕೃತಿ ಕಲ್ಲುಗಳಿಗೆ ಮನೆ ಹಿಂದಿರುಗಿಸಿದಂತೆ ನಟಿಸುವುದಿಲ್ಲ. ಎಷ್ಟೋ ವೀರಗಲ್ಲುಗಳ ಮೇಲೆ ಹೆಸರಾದರೂ ಇರುತ್ತದೆ. ಇವುಗಳ ಮೇಲೆ ದಿನವೂ ರುಬ್ಬಿದ ಹೆಂಗಸರ ಹೆಸರಿಲ್ಲ, ಸವೆತವಷ್ಟೇ ಇದೆ.

ಇಂಥ ಕಲೆಯ ಗುಂಪು ಪ್ರದರ್ಶನಗಳಿಗೂ ನೆಲೆ ಬೇಕಿತ್ತು. 2003ರಿಂದ ಕಲಾವಿದ ಸುರೇಶ್ ಜಯರಾಮ್ ಅವರ, ಬೆಂಗಳೂರಿನ ಶಾಂತಿರಸ್ತೆಯ ಮನೆ ಅಂಥದ್ದೊಂದು ತಾಣವಾಯಿತು. 2016ರಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಯೋಜನೆಯ ವಿರುದ್ಧ ಕಲಾವಿದರು ಬೀದಿಗಿಳಿದಾಗ, ಕಳೆದುಹೋಗುವ ಜಾಗದ ಪ್ರಶ್ನೆ ಅವರದೇ ಸೂರಿಗೆ ಬಂದಿತ್ತು.

ಆದರೂ ಈ ಕಲೆ ಮರುಗಿದ್ದು ಹೆಚ್ಚಾಗಿ ಬೆಂಗಳೂರಿಗಾಗಿ. ಇತ್ತ ಧರ್ಮಪುರಿಯ ಕಡೆ, ಹೊಗೇನಕಲ್ ದಾಟಿ ಸೇಲಂ ಜಿಲ್ಲೆಗಿಳಿಯುವ ಕಾವೇರಿ, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ಹಿಂದೆ ಊರುಗಳನ್ನೇ ಮುಳುಗಿಸಿಕೊಂಡಿದೆ. ನೀರು ತೀರ ಇಳಿದ ವರ್ಷ ಪಣ್ಣವಾಡಿಯ ಬಳಿ ಹಳೆಯ ನಂದಿಯೂ ಇಗರ್ಜಿಯ ಗೋಪುರವೂ ಮೇಲೇಳುತ್ತವೆ. ಜನ ನೋಡಲು ಹೋಗುತ್ತಾರೆ. ಇಲ್ಲೊಂದು ಗುಂಪು ಪ್ರದರ್ಶನ ನಡೆಯಬೇಕು, ಅದೂ ಬಿಳಿಗೋಡೆಯ ಕೋಣೆಯಲ್ಲಲ್ಲ, ಆ ದಡದಲ್ಲೇ. ಉದ್ಘಾಟನೆಯ ದಿನವನ್ನು ಮಾತ್ರ ಕೃಷ್ಣರಾಜಸಾಗರ, ಕಬಿನಿಗಳ ಮಟ್ಟ ನೋಡಿ ಗೊತ್ತುಮಾಡಬೇಕಾದೀತು.