ಒಂದು ಪಾರ್ಕು, ಒಂದು ಆಸ್ಪತ್ರೆ, ಹದಿನೈದು ವರ್ಷ

ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ಸಮಾಜ ಪಾಠ ಮಾಡುತ್ತಿದ್ದಾಗ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಮಾಷ್ಟ್ರೇ, ಖಾಲಿ ಬಿದ್ದ ಜಾಗದಲ್ಲಿ ಆಸ್ಪತ್ರೆ ಕಟ್ಟಿದರೆ ತಪ್ಪೇನು? ಆಟ ಬೇರೆ ಎಲ್ಲಿಯಾದರೂ ಆಡಬಹುದಲ್ಲಾ?" ಊರಿನ ಮೈದಾನದ ಮೂಲೆಯಲ್ಲಿ ಒಂದು ಕಟ್ಟಡ ಏಳುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಆಕೆಯ ಪ್ರಶ್ನೆ ಅಲ್ಲಿಂದಲೇ ಬಂದದ್ದು. ಬೆಲ್ ಆದದ್ದರಿಂದ ಪೂರ್ತಿ ಉತ್ತರ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಹೆತ್ತವರೂ ಓದಲಿ.

ಇದೇ ಪ್ರಶ್ನೆ ಹಿಂದೊಮ್ಮೆ ಬೆಂಗಳೂರಿನಿಂದ ಹೊರಟು ದಿಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು.

ಬೆಂಗಳೂರು ಆಗ ಭರದಿಂದ ಬೆಳೆಯುತ್ತಿದ್ದ ಕಾಲ. 1971ರ ಜನಗಣತಿಯಲ್ಲಿ ಸುಮಾರು ಹದಿನಾರೂವರೆ ಲಕ್ಷವಿದ್ದ ನಗರದ ಜನಸಂಖ್ಯೆ 1981ಕ್ಕೆ 29 ಲಕ್ಷ ದಾಟಿತು. ಹೊಸ ಬಡಾವಣೆಗಳನ್ನು ಮಾಡುವ ಕೆಲಸ ಮೊದಲು 1945ರ ಕಾಯಿದೆಯಂತೆ ನಗರ ಸುಧಾರಣಾ ಮಂಡಳಿಯದಾಗಿತ್ತು. 1976ರಲ್ಲಿ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಬಿ.ಡಿ.ಎ.ಯ ಕೈಗೆ ಬಂತು. ಹಳೆಯ ಮಂಡಳಿ ರೂಪಿಸಿದ ಬಡಾವಣೆಗಳಲ್ಲಿ ರಾಜಮಹಲ್ ವಿಲಾಸ್ ಬಡಾವಣೆಯೂ ಒಂದು. ಅದರ ನಕ್ಷೆಯಲ್ಲಿ ರಸ್ತೆ, ನಿವೇಶನಗಳ ಜೊತೆಗೆ ಒಂದು ತೆರೆದ ಜಾಗವನ್ನು ಸಾರ್ವಜನಿಕ ಪಾರ್ಕಿಗೆಂದು ಬಿಟ್ಟಿದ್ದರು.

1976ರಲ್ಲಿ ಒಂದು ಖಾಸಗಿ ವೈದ್ಯಕೀಯ ಟ್ರಸ್ಟ್ ಆಸ್ಪತ್ರೆ ಕಟ್ಟುವುದಕ್ಕೆ ಆ ಜಾಗವನ್ನು ಕೇಳಿತು. ಸರಕಾರ ಮೇ ಮತ್ತು ಜೂನ್ ತಿಂಗಳಲ್ಲಿ ಆದೇಶ ಹೊರಡಿಸಿತು. ಜುಲೈಯಲ್ಲಿ ಬಿ.ಡಿ.ಎ. ಠರಾವು ಮಾಡಿ ಜಾಗವನ್ನು ಕೊಟ್ಟಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಒಬ್ಬ ನ್ಯಾಯಾಧೀಶರ ಪೀಠದಲ್ಲಿ ಸೋತರು, ಮೇಲ್ಮನವಿಯಲ್ಲಿ ವಿಭಾಗೀಯ ಪೀಠದ ಮುಂದೆ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈ 19ರಂದು ನ್ಯಾಯಮೂರ್ತಿ ಟಿ. ಕೆ. ತೊಮ್ಮನ್ ಮತ್ತು ನ್ಯಾಯಮೂರ್ತಿ ಆರ್. ಎಂ. ಸಹಾಯ್ ಅವರ ಪೀಠ ಆ ಅಪೀಲನ್ನು ವಜಾ ಮಾಡಿತು. ಪಾರ್ಕು ಉಳಿಯಿತು.

ಟ್ರಸ್ಟಿನ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ಆಸ್ಪತ್ರೆಯೂ ಜನರಿಗೇ ಅಲ್ಲವೇ, ಅದರಿಂದ ಬಡಾವಣೆಗೆ ಒಳ್ಳೆಯದೇ ಆಗುತ್ತದಲ್ಲವೇ ಎಂದು ಅವರು ಕೇಳಿದರು. ನಮ್ಮ ಹುಡುಗಿ ಕೇಳಿದ್ದೂ ಇದನ್ನೇ. ಕೋರ್ಟು ಆಸ್ಪತ್ರೆ ಬೇಡ ಎನ್ನಲಿಲ್ಲ. ಎರಡೂ ಬೇಕು, ಆದರೆ ಒಂದರ ಜಾಗವನ್ನು ಇನ್ನೊಂದು ತುಂಬಲಾರದು ಎಂದಿತು. ಗಾಳಿ ಬೆಳಕಿಗೆ, ಮಕ್ಕಳ ಆಟಕ್ಕೆ, ವಯಸ್ಸಾದವರ ವಿಶ್ರಾಂತಿಗೆ ಬಿಟ್ಟ ಜಾಗದಲ್ಲಿ ಒಮ್ಮೆ ಕಟ್ಟಡ ಎದ್ದರೆ ಆ ತೆರವು ಮರಳಿ ಬರುವುದಿಲ್ಲ.

ಇನ್ನೆರಡು ಅಂಶಗಳನ್ನು ಮಕ್ಕಳು ನೆನಪಿಡಬೇಕು. ಮೊದಲನೆಯದು, ಆದೇಶ ಮೇಲಿನಿಂದ ಬಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಯೋಜನೆಯನ್ನು ಬದಲಿಸುವ ಅಧಿಕಾರವನ್ನು ಕಾಯಿದೆ ಪ್ರಾಧಿಕಾರಕ್ಕೆ ಕೊಟ್ಟಿತ್ತು, ಅದೂ ಯೋಜನೆ ಉತ್ತಮವಾಗುವುದಿದ್ದರೆ ಮಾತ್ರ. ಸರಕಾರ ನಿರ್ದೇಶನ ಕೊಡಬಹುದು, ಆದರೆ ಅದು ಕಾಯಿದೆಯ ಉದ್ದೇಶವನ್ನು ನಡೆಸುವುದಕ್ಕೆ ಇರಬೇಕು, ಅದನ್ನು ಕೆಡಿಸುವುದಕ್ಕೆ ಅಲ್ಲ. ಎರಡನೆಯದು, ಪಾರ್ಕಿನ ಒಡೆಯರಲ್ಲದಿದ್ದರೂ ಆ ನಿವಾಸಿಗಳಿಗೆ ಕೇಳುವ ಹಕ್ಕಿದೆ ಎಂದು ಕೋರ್ಟು ಒಪ್ಪಿತು. ಜಾಗ ಬಿಟ್ಟದ್ದೇ ಅವರಿಗಾಗಿ, ಮತ್ತೆ ಕೇಳುವವರು ಬೇರೆ ಯಾರು?

ಈ ಜಗಳ ಕೋರ್ಟಿನಲ್ಲಿ ನಡೆಯುತ್ತಿದ್ದ ವರ್ಷಗಳಲ್ಲೇ ಕಾನೂನೂ ಗಟ್ಟಿಯಾಯಿತು. ಪಾರ್ಕು, ಮೈದಾನಗಳಿಗೆಂದು ಬಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ ಅದು ಅಸಿಂಧು ಎಂದು 1984ರ ತಿದ್ದುಪಡಿ ಬಿ.ಡಿ.ಎ. ಕಾಯಿದೆಗೆ ಸೇರಿತು. ಮರುವರ್ಷ, 1985ರಲ್ಲಿ, ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ರಕ್ಷಣೆಗೆಂದೇ ಕರ್ನಾಟಕ ಬೇರೊಂದು ಕಾಯಿದೆ ಮಾಡಿತು.

"ಅದೆಲ್ಲ ಬೆಂಗಳೂರಿನ ಕಥೆ, ಕಾಸರಗೋಡಿನಲ್ಲಿರುವ ನಮಗೇನು?" ಎಂದು ಯಾರಾದರೂ ಕೇಳಬಹುದು. ಕರ್ನಾಟಕದ ಕಾಯಿದೆ ಗಡಿ ದಾಟಿ ಬರುವುದಿಲ್ಲ, ನಿಜ. ಸುಪ್ರೀಂ ಕೋರ್ಟು ಸಾರಿದ ಕಾನೂನು ಮಾತ್ರ ಸಂವಿಧಾನದ 141ನೆಯ ವಿಧಿಯಂತೆ ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯ. ಬಡಾವಣೆಯ ಪಾರ್ಕಿನ ತೀರ್ಪನ್ನು ಊರ ಮೈದಾನಕ್ಕೆ ಹಾಗೆಯೇ ಹಚ್ಚಲಾಗದು ಎಂಬುದೂ ಸರಿಯೇ. ಆದರೆ ಅದು ಕಲಿಸಿದ ಪ್ರಶ್ನೆಗಳನ್ನು ನಾವೂ ಕೇಳಬಹುದು: ಈ ಜಾಗ ಯಾವುದಕ್ಕೆಂದು ಬಿಟ್ಟದ್ದು? ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ? ಕಟ್ಟಡಕ್ಕೆ ಬೇರೆ ಜಾಗ ಹುಡುಕಿದ್ದಾರೆಯೇ?

ಆ ಪಾರ್ಕು ಉಳಿಯುವುದಕ್ಕೆ ಹದಿನೈದು ವರ್ಷ ಹಿಡಿಯಿತು. ನಕ್ಷೆಯಲ್ಲಿ 'ಪಾರ್ಕು' ಎಂದು ಬರೆದಿದ್ದದ್ದು ನಿವಾಸಿಗಳ ಕೈ ಹಿಡಿಯಿತು. ನಮ್ಮ ಮೈದಾನದ ಬಗ್ಗೆ ದಾಖಲೆಯಲ್ಲಿ ಏನೆಂದು ಬರೆದಿದೆ? ರಕ್ಷಕ ಶಿಕ್ಷಕ ಸಂಘದ ಮುಂದಿನ ಸಭೆಗೆ ಮೊದಲು ಯಾರಾದರೂ ಇಬ್ಬರು ವಿಲೇಜ್ ಆಫೀಸಿಗೆ ಹೋಗಿ ವಿಚಾರಿಸಿಕೊಂಡು ಬರೋಣ. ಪ್ರಶ್ನೆ ಕೇಳಿದ ಹುಡುಗಿಗೂ ಅದನ್ನು ತೋರಿಸಬೇಕು.