ಬ್ರಿಟನ್‌ನಲ್ಲಿ ನೆಲೆಸುವ ಕನ್ನಡಿಗರಿಗೆ ಮಾಹಿತಿ: ಕಣ್ಣಿನ ಪರೀಕ್ಷೆ, ಕನ್ನಡಕ ಖರೀದಿ ಹಾಗೂ ಅರ್ಹ ಆಪ್ಟಿಶಿಯನ್ ಆಯ್ಕೆ

ಪೀಠಿಕೆ

ವ್ಯಾಸಂಗ, ಉದ್ಯೋಗ ಅಥವಾ ಕುಟುಂಬದ ಕಾರಣದಿಂದ ಬ್ರಿಟನ್‌ಗೆ ತೆರಳುವವರಲ್ಲಿ ಕನ್ನಡಕ ಧರಿಸುವವರು ಅನೇಕರು. ಅಲ್ಲಿ ಕನ್ನಡಕ ಮಾರಾಟವು ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿದ್ದು, ಕಾರ್ಯವಿಧಾನವು ನಮ್ಮ ರಾಜ್ಯದ ರೂಢಿಗಿಂತ ಭಿನ್ನವಾಗಿದೆ. ಇದರ ಅರಿವಿಲ್ಲದೆ ಅನವಶ್ಯಕ ವೆಚ್ಚಕ್ಕೆ ಗುರಿಯಾಗುವುದು, ಅದಕ್ಕಿಂತ ಮುಖ್ಯವಾಗಿ ಕಣ್ಣಿನ ಕಾಯಿಲೆಯ ಪತ್ತೆ ತಡವಾಗುವುದು ಸಂಭವನೀಯ. ಆದುದರಿಂದ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

1. ಪ್ರಯಾಣಕ್ಕೆ ಮುನ್ನ

ಹೊರಡುವ ಮೊದಲು ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗ ಅಥವಾ ಅರ್ಹ ನೇತ್ರತಜ್ಞರಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಪ್ರಯಾಣಿಕರು:

(ಅ) ಎರಡು ಜೊತೆ ಕನ್ನಡಕಗಳನ್ನು ಒಯ್ಯತಕ್ಕದ್ದು; ಅವುಗಳಲ್ಲಿ ಒಂದು ಕೈಚೀಲದಲ್ಲಿಯೇ ಇರತಕ್ಕದ್ದು.
(ಆ) ಕನ್ನಡಕದ ಚೀಟಿಯನ್ನು ಆಂಗ್ಲ ಭಾಷೆಯಲ್ಲಿ, ದಿನಾಂಕ ಹಾಗೂ ಸಹಿಯೊಂದಿಗೆ ಪಡೆದುಕೊಳ್ಳತಕ್ಕದ್ದು.
(ಇ) ಸಕ್ಕರೆ ಕಾಯಿಲೆ, ಗ್ಲಾಕೋಮಾ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆಯ ದಾಖಲೆಗಳಿದ್ದಲ್ಲಿ ಅವುಗಳ ಪ್ರತಿಗಳನ್ನು ಇಟ್ಟುಕೊಳ್ಳತಕ್ಕದ್ದು.

ಭಾರತದಲ್ಲಿ ನೀಡಲಾದ ಚೀಟಿಯನ್ನು ಬ್ರಿಟನ್‌ನ ಹಲವು ಅಂಗಡಿಗಳು ಸ್ವೀಕರಿಸದಿರಬಹುದು. ಆದರೂ ಹಿಂದಿನ ಪವರ್‌ನೊಂದಿಗೆ ಹೋಲಿಸಿ ನೋಡಲು ಅಲ್ಲಿನ ಪರೀಕ್ಷಕರಿಗೆ ಅದು ಉಪಯುಕ್ತವಾಗಿರುತ್ತದೆ.

2. ಯಾರು ಯಾವ ಸೇವೆ ನೀಡುತ್ತಾರೆ

ಆಪ್ಟೋಮೆಟ್ರಿಸ್ಟ್: ದೃಷ್ಟಿಯನ್ನು ಪರೀಕ್ಷಿಸಿ, ಕಣ್ಣಿನ ಆರೋಗ್ಯವನ್ನು ಪರಿಶೀಲಿಸಿ, ಚೀಟಿ ನೀಡುವವರು.
ಡಿಸ್ಪೆನ್ಸಿಂಗ್ ಆಪ್ಟಿಶಿಯನ್: ಚೀಟಿಗೆ ಅನುಗುಣವಾಗಿ ಫ್ರೇಮು ಮತ್ತು ಮಸೂರವನ್ನು ಆರಿಸಿ, ಅಳತೆ ತೆಗೆದು, ಕನ್ನಡಕವನ್ನು ಮುಖಕ್ಕೆ ಹೊಂದಿಸುವವರು. ಇವರು ದೃಷ್ಟಿ ಪರೀಕ್ಷೆ ನಡೆಸುವಂತಿಲ್ಲ.
ನೇತ್ರತಜ್ಞರು: ಕಣ್ಣಿನ ರೋಗಗಳಿಗೆ ಚಿಕಿತ್ಸೆ ನೀಡುವ ವೈದ್ಯರು. ಸಾಮಾನ್ಯವಾಗಿ ಆಪ್ಟೋಮೆಟ್ರಿಸ್ಟ್ ಅಥವಾ ಕುಟುಂಬ ವೈದ್ಯರ ಶಿಫಾರಸಿನ ಮೇರೆಗೆ ಆಸ್ಪತ್ರೆಯಲ್ಲಿ ಇವರ ಸೇವೆ ದೊರೆಯುತ್ತದೆ.

ಮೊದಲಿನ ಇಬ್ಬರೂ ಜನರಲ್ ಆಪ್ಟಿಕಲ್ ಕೌನ್ಸಿಲ್ ಎಂಬ ಶಾಸನಬದ್ಧ ಸಂಸ್ಥೆಯಲ್ಲಿ ನೋಂದಾಯಿತರಾಗಿರುವುದು ಕಡ್ಡಾಯ. ಈ ನೋಂದಣಿ ಪಟ್ಟಿಯು ಅಂತರಜಾಲದಲ್ಲಿ ಲಭ್ಯವಿದ್ದು, ಹೆಸರನ್ನು ನಮೂದಿಸಿ ಯಾರು ಬೇಕಾದರೂ ಪರಿಶೀಲಿಸಬಹುದು.

3. ಪರೀಕ್ಷಾ ಶುಲ್ಕ ಮತ್ತು ವಿನಾಯಿತಿ

ವೀಸಾದೊಂದಿಗೆ ಪಾವತಿಸುವ ಆರೋಗ್ಯ ಅಧಿಶುಲ್ಕದಿಂದ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆ ಹಾಗೂ ವೈದ್ಯರ ಸೌಲಭ್ಯ ದೊರೆಯುತ್ತದೆ. 2024ರ ಫೆಬ್ರವರಿ 6ರಿಂದ ಈ ಅಧಿಶುಲ್ಕವನ್ನು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776 ಪೌಂಡ್ ಎಂದು ನಿಗದಿಪಡಿಸಲಾಯಿತು. ಇದನ್ನು ಪಾವತಿಸಿದ ಮಾತ್ರಕ್ಕೆ ಕಣ್ಣಿನ ಪರೀಕ್ಷೆಯಾಗಲಿ, ಕನ್ನಡಕವಾಗಲಿ ಉಚಿತವಾಗುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಇಂಗ್ಲೆಂಡಿನಲ್ಲಿ ಉಚಿತ ಪರೀಕ್ಷೆಗೆ ಅರ್ಹರಾದ ಪ್ರಮುಖ ವರ್ಗಗಳು:

(ಅ) 16 ವರ್ಷದೊಳಗಿನ ಮಕ್ಕಳು;
(ಆ) ಪೂರ್ಣಾವಧಿ ವ್ಯಾಸಂಗದಲ್ಲಿರುವ 16ರಿಂದ 18 ವರ್ಷದವರು;
(ಇ) 60 ವರ್ಷ ಹಾಗೂ ಮೇಲ್ಪಟ್ಟವರು;
(ಈ) ಸಕ್ಕರೆ ಕಾಯಿಲೆ ಅಥವಾ ಗ್ಲಾಕೋಮಾ ಇರುವವರು;
(ಉ) ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಿಗೆ ಗ್ಲಾಕೋಮಾ ಇರುವ, 40 ವರ್ಷ ಮೇಲ್ಪಟ್ಟವರು.

ಸ್ಕಾಟ್‌ಲೆಂಡಿನಲ್ಲಿ 2006ರಿಂದ ಅಲ್ಲಿನ ನಿವಾಸಿಗಳಿಗೆ ರಾಷ್ಟ್ರೀಯ ಆರೋಗ್ಯ ಸೇವೆಯ ಕಣ್ಣಿನ ಪರೀಕ್ಷೆ ಉಚಿತವಾಗಿದೆ. ಮೇಲ್ಕಂಡ ವರ್ಗಗಳಿಗೆ ಸೇರಿದವರು ಸಮಯ ಗೊತ್ತುಪಡಿಸುವಾಗಲೇ ಅದನ್ನು ತಿಳಿಸಬೇಕು. ಕಣ್ಣಿನ ಒಳಪದರದ ಸ್ಕ್ಯಾನ್‌ಗೆ ಅನೇಕ ಅಂಗಡಿಗಳು ಪ್ರತ್ಯೇಕ ಶುಲ್ಕ ವಿಧಿಸುತ್ತವೆ. ಒಪ್ಪುವ ಮೊದಲು ಮೊತ್ತವನ್ನು ಕೇಳಿ ತಿಳಿಯುವುದು ಒಳಿತು.

4. ಚೀಟಿಯು ಪರೀಕ್ಷೆಗೆ ಒಳಗಾದವರ ಹಕ್ಕು

1989ರ ಆಪ್ಟಿಶಿಯನ್ಸ್ ಕಾಯಿದೆಯ ಪ್ರಕಾರ ಪರೀಕ್ಷೆ ಮುಗಿದ ಕೂಡಲೇ ಲಿಖಿತ ಚೀಟಿಯನ್ನು ನೀಡಬೇಕು. ಪರೀಕ್ಷೆ ಮಾಡಿಸಿದ ಅಂಗಡಿಯಲ್ಲಿಯೇ ಕನ್ನಡಕ ಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಚೀಟಿಯನ್ನು ಪಡೆದು, ಎರಡು ಮೂರು ಕಡೆ ಬೆಲೆಯನ್ನು ವಿಚಾರಿಸಿ, ಇಷ್ಟವಾದಲ್ಲಿ ಖರೀದಿಸಬಹುದು; ಅಥವಾ ರಜೆಯಲ್ಲಿ ಊರಿಗೆ ಬಂದಾಗ ಇಲ್ಲಿಯೇ ಮಾಡಿಸಿಕೊಳ್ಳಬಹುದು.

5. ಚೀಟಿಯನ್ನು ಓದುವ ಕ್ರಮ

ಸ್ಫಿಯರ್: ಪವರ್‌ನ ಮುಖ್ಯ ಅಂಕಿ. ಋಣ ಚಿಹ್ನೆಯಿದ್ದರೆ ದೂರದ ವಸ್ತು ಮಸುಕಾಗಿ ಕಾಣುವ ದೋಷ. ಧನ ಚಿಹ್ನೆಯು ಅದಕ್ಕೆ ವಿರುದ್ಧವಾದುದು. ಅಂಕಿಗಳು ಸಾಮಾನ್ಯವಾಗಿ 0.25ರ ಹಂತಗಳಲ್ಲಿ ಇರುತ್ತವೆ.
ಸಿಲಿಂಡರ್ ಮತ್ತು ಅಕ್ಷ: ಕಣ್ಣಿನ ಮೇಲ್ಮೈಯ ವಕ್ರತೆ ಎಲ್ಲ ದಿಕ್ಕಿನಲ್ಲಿ ಸಮನಾಗಿಲ್ಲದಿದ್ದಾಗ ನೀಡುವ ಪವರ್ ಹಾಗೂ ಅದರ ದಿಕ್ಕು. ಅಕ್ಷವು 1ರಿಂದ 180ರವರೆಗೆ ಇರುತ್ತದೆ.
ಆ್ಯಡ್: ಓದುವ ಸಲುವಾಗಿ ದೂರದ ಪವರ್‌ಗೆ ಕೂಡಿಸಬೇಕಾದ ಅಂಕಿ. ಚಾಳೀಸಿನ ಪವರ್ ಎಂದು ರೂಢಿಯಲ್ಲಿ ಕರೆಯುವುದು ಇದನ್ನೇ.

ಒಂದೇ ಪವರ್ ಅನ್ನು ಎರಡು ರೀತಿಯಲ್ಲಿ ಬರೆಯಬಹುದಾಗಿದೆ. ಉದಾಹರಣೆಗೆ, ಸ್ಫಿಯರ್ −2.00, ಸಿಲಿಂಡರ್ −1.00, ಅಕ್ಷ 90 ಎಂಬುದೂ, ಸ್ಫಿಯರ್ −3.00, ಸಿಲಿಂಡರ್ +1.00, ಅಕ್ಷ 180 ಎಂಬುದೂ ಒಂದೇ ಮಸೂರ. ಹಳೆಯ ಹಾಗೂ ಹೊಸ ಚೀಟಿಗಳಲ್ಲಿ ಅಂಕಿಗಳು ಬೇರೆಯಾಗಿ ಕಂಡ ಮಾತ್ರಕ್ಕೆ ಪವರ್ ಬದಲಾಗಿದೆ ಎಂದು ಭಾವಿಸಬೇಕಾಗಿಲ್ಲ. ಅದೇ ರೀತಿ, ನಮ್ಮಲ್ಲಿನ ಕೆಲವು ಚೀಟಿಗಳಲ್ಲಿ ಓದುವ ಪವರ್ ಅನ್ನು ಪೂರ್ಣವಾಗಿಯೇ ಬರೆದಿರುತ್ತಾರೆ. ದೂರಕ್ಕೆ −1.00, ಓದಲು +1.00 ಎಂದಿದ್ದರೆ ಆ್ಯಡ್ ಅಂಕಿಯು +2.00 ಆಗುತ್ತದೆಯೇ ಹೊರತು +1.00 ಅಲ್ಲ.

6. ಅಳತೆ, ಫ್ರೇಮು ಮತ್ತು ಮಸೂರ

ಎರಡು ಪಾಪೆಗಳ ನಡುವಿನ ಅಂತರವು ವಯಸ್ಕರಲ್ಲಿ ಸಾಮಾನ್ಯವಾಗಿ 54ರಿಂದ 74 ಮಿ.ಮೀ. ಇರುತ್ತದೆ. ಮಸೂರದ ಕೇಂದ್ರವು ಈ ಅಳತೆಗೆ ಹೊಂದದಿದ್ದಲ್ಲಿ ತಲೆನೋವು, ಕಣ್ಣಿನ ಆಯಾಸ ಉಂಟಾಗಬಹುದು. ಬ್ರಿಟನ್‌ನಲ್ಲಿ ಈ ಅಳತೆಯನ್ನು ಚೀಟಿಯಲ್ಲಿ ನಮೂದಿಸುವುದು ಕಡ್ಡಾಯವಲ್ಲ. ಬೇರೆಡೆ ಖರೀದಿಸುವವರು ಅಲ್ಲಿಯೇ ಅಳತೆ ತೆಗೆಸಿಕೊಳ್ಳಬೇಕಾಗುತ್ತದೆ.

ಹೊಂದಿಕೆಯಾಗುತ್ತಿರುವ ಹಳೆಯ ಫ್ರೇಮಿನ ಒಳಬದಿಯಲ್ಲಿ 52, 18, 140 ಮುಂತಾದ ಅಂಕಿಗಳಿರುತ್ತವೆ. ಇವು ಕ್ರಮವಾಗಿ ಮಸೂರದ ಅಗಲ, ಮೂಗಿನ ಸೇತುವೆಯ ಅಗಲ ಹಾಗೂ ಕಡ್ಡಿಯ ಉದ್ದವನ್ನು ಮಿಲಿಮೀಟರಿನಲ್ಲಿ ಸೂಚಿಸುತ್ತವೆ. ಹೊಸ ಫ್ರೇಮು ಆರಿಸುವಾಗ ಈ ಅಂಕಿಗಳು ಸಹಾಯಕವಾಗುತ್ತವೆ.

ಮಸೂರಗಳನ್ನು 1.50, 1.60, 1.67, 1.74 ಎಂಬ ಸೂಚ್ಯಂಕಗಳಿಂದ ಗುರುತಿಸಲಾಗುತ್ತದೆ. ಅಂಕಿ ಹೆಚ್ಚಿದಂತೆ ಮಸೂರ ತೆಳುವಾಗುತ್ತದೆ, ಬೆಲೆಯೂ ಏರುತ್ತದೆ. ಕಡಿಮೆ ಪವರ್ ಇರುವವರಿಗೆ ದುಬಾರಿ ಮಸೂರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಮಕ್ಕಳಿಗೆ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಸೂಕ್ತ. ನಮ್ಮಲ್ಲಿ ಪ್ರೋಗ್ರೆಸಿವ್ ಎನ್ನುವ ಮಸೂರವನ್ನು ಅಲ್ಲಿ ವೇರಿಫೋಕಲ್ ಎನ್ನುತ್ತಾರೆ. ಇದಕ್ಕೆ ಫ್ರೇಮನ್ನು ಮುಖದ ಮೇಲಿಟ್ಟು ಪಾಪೆಯ ಎತ್ತರವನ್ನು ಅಳೆಯಬೇಕಾದುದರಿಂದ ಅಂಗಡಿಯಲ್ಲಿಯೇ ಮಾಡಿಸುವುದು ಕ್ಷೇಮ.

7. ಉತ್ತಮ ಆಪ್ಟಿಶಿಯನ್‌ರನ್ನು ಗುರುತಿಸುವ ಬಗೆ

(ಅ) ಪರೀಕ್ಷೆಗೆ ಮುನ್ನ ಕುಟುಂಬದ ಕಾಯಿಲೆ, ಸೇವಿಸುವ ಔಷಧಿ, ಉದ್ಯೋಗದ ಸ್ವರೂಪವನ್ನು ವಿಚಾರಿಸುತ್ತಾರೆ.
(ಆ) ಪವರ್ ಬದಲಾಗಿದ್ದಲ್ಲಿ ಎಷ್ಟು, ಏಕೆ ಎಂಬುದನ್ನು ವಿವರಿಸುತ್ತಾರೆ. ಬದಲಾಗದಿದ್ದಲ್ಲಿ ಹೊಸ ಕನ್ನಡಕ ಬೇಡವೆಂದು ಹೇಳುತ್ತಾರೆ.
(ಇ) ಮಸೂರ, ಲೇಪನ, ಫ್ರೇಮುಗಳ ಬೆಲೆಯನ್ನು ಬಿಡಿಬಿಡಿಯಾಗಿ ತಿಳಿಸುತ್ತಾರೆ.
(ಈ) ಕನ್ನಡಕ ಒಗ್ಗದಿದ್ದಲ್ಲಿ ಮರುಪರೀಕ್ಷೆ ಹಾಗೂ ಬದಲಾವಣೆಯ ನಿಯಮವನ್ನು ಮೊದಲೇ ಸ್ಪಷ್ಟಪಡಿಸುತ್ತಾರೆ.

16 ವರ್ಷದೊಳಗಿನವರ ಕನ್ನಡಕವನ್ನು ನೋಂದಾಯಿತ ವೃತ್ತಿಪರರು ಅಥವಾ ಅವರ ಮೇಲ್ವಿಚಾರಣೆಯಲ್ಲಿ ಮಾತ್ರ ನೀಡಬಹುದಾಗಿದೆ.

8. ದೂರು ಸಲ್ಲಿಕೆ

ಕನ್ನಡಕದಲ್ಲಿ ದೋಷ ಕಂಡುಬಂದಲ್ಲಿ ಮೊದಲು ಅಂಗಡಿಗೆ ಲಿಖಿತವಾಗಿ ತಿಳಿಸತಕ್ಕದ್ದು. 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೆ ವಸ್ತುವು ತೃಪ್ತಿಕರ ಗುಣಮಟ್ಟದ್ದಾಗಿರಬೇಕು. ಪರಿಹಾರ ದೊರೆಯದಿದ್ದಲ್ಲಿ ಆಪ್ಟಿಕಲ್ ಕನ್ಸೂಮರ್ ಕಂಪ್ಲೇಂಟ್ಸ್ ಸರ್ವಿಸ್ ಉಚಿತವಾಗಿ ಮಧ್ಯಸ್ಥಿಕೆ ವಹಿಸುತ್ತದೆ. ವೃತ್ತಿ ದುರ್ನಡತೆಯ ದೂರುಗಳನ್ನು ಜನರಲ್ ಆಪ್ಟಿಕಲ್ ಕೌನ್ಸಿಲ್‌ಗೆ ಸಲ್ಲಿಸಬಹುದು. ಅಂತರಜಾಲದಲ್ಲಿ ಕೊಂಡ ವಸ್ತುಗಳಿಗಿರುವ 14 ದಿನಗಳ ರದ್ದತಿ ಅವಕಾಶವು, ವ್ಯಕ್ತಿಯ ಚೀಟಿಗೆ ತಕ್ಕಂತೆ ತಯಾರಿಸಿದ ಕನ್ನಡಕಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

9. ವಿಶೇಷ ಸೂಚನೆಗಳು

ವಾಹನ ಚಾಲಕರು: 20 ಮೀಟರ್ ದೂರದಿಂದ ವಾಹನದ ನೋಂದಣಿ ಫಲಕವನ್ನು ಓದಬಲ್ಲವರಾಗಿರಬೇಕು. ಇದಕ್ಕೆ ಕನ್ನಡಕ ಅವಶ್ಯವಿದ್ದಲ್ಲಿ ಚಾಲನೆಯ ಅವಧಿಯುದ್ದಕ್ಕೂ ಧರಿಸಿರುವುದು ಕಡ್ಡಾಯ.

ಸಕ್ಕರೆ ಕಾಯಿಲೆ ಇರುವವರು: 12 ವರ್ಷ ಮೇಲ್ಪಟ್ಟವರಿಗೆ ಅಕ್ಷಿಪಟಲದ ಪ್ರತ್ಯೇಕ ಉಚಿತ ತಪಾಸಣೆ ಇದೆ. ಕನ್ನಡಕದ ಪರೀಕ್ಷೆಯು ಇದಕ್ಕೆ ಬದಲಿಯಲ್ಲ. ಕುಟುಂಬ ವೈದ್ಯರಲ್ಲಿ ನೋಂದಾಯಿಸಿಕೊಳ್ಳದವರಿಗೆ ಕರೆಪತ್ರ ತಲುಪದಿರುವ ಸಂಭವವಿರುವುದರಿಂದ, ಅಲ್ಲಿಗೆ ತಲುಪಿದ ಕೂಡಲೇ ನೋಂದಣಿ ಮಾಡಿಸತಕ್ಕದ್ದು.

ತುರ್ತು ಸಂದರ್ಭ: ಕಣ್ಣೆದುರು ಇದ್ದಕ್ಕಿದ್ದಂತೆ ಮಿಂಚು, ಹೊಸದಾಗಿ ಅನೇಕ ಕಪ್ಪು ಚುಕ್ಕೆಗಳು, ಅಥವಾ ಪರದೆ ಸರಿದಂತೆ ನೆರಳು ಕಂಡುಬಂದಲ್ಲಿ ಅಕ್ಷಿಪಟಲ ಕಳಚುತ್ತಿರುವ ಸಾಧ್ಯತೆಯಿದೆ. ಹೆಚ್ಚಿನ ಋಣ ಪವರ್ ಇರುವವರಲ್ಲಿ ಈ ಅಪಾಯ ಅಧಿಕ. ಕನ್ನಡಕದ ದೋಷವೆಂದು ಭಾವಿಸಿ ಕಾಯದೆ, ಅದೇ ದಿನ ಆಪ್ಟಿಶಿಯನ್‌ರನ್ನು ಸಂಪರ್ಕಿಸುವುದು ಅಥವಾ 111 ಸಂಖ್ಯೆಗೆ ಕರೆ ಮಾಡುವುದು ಅತ್ಯವಶ್ಯ. ವಿಳಂಬವಾದಲ್ಲಿ ದೃಷ್ಟಿಯು ಶಾಶ್ವತವಾಗಿ ನಷ್ಟವಾಗಬಹುದು.

ಶುಲ್ಕ ಹಾಗೂ ವಿನಾಯಿತಿಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ಪರೀಕ್ಷೆಗೆ ಹೋಗುವ ಮುನ್ನ ರಾಷ್ಟ್ರೀಯ ಆರೋಗ್ಯ ಸೇವೆಯ ಅಧಿಕೃತ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.